ಅಡುಗೆಮನೆಯವರೆಗಿನ ಕಂತು

ಪ್ರತಿ ತಿಂಗಳ ಕೊನೆಗೆ ನಾನು ನನ್ನ ಓದುಗರಿಗೆ ಒಂದು ಓಲೆ ಕಳಿಸುತ್ತೇನೆ. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಸಾವಿರಾರು ಜನರಿಗೆ ಒಟ್ಟಿಗೆ ಹೋಗುವ ಓಲೆ. ಅದರಲ್ಲಿ ಮೂರು ಭಾಗ: ಮನೆಯಲ್ಲಿ ಏನಾಯಿತು, ಏನು ಬರೆಯುತ್ತಿದ್ದೇನೆ, ಏನು ನೋಡಿದೆ. ಡ್ರ್ಯಾಗನ್, ಮಾಟಗಾತಿ, ಹಾರುವ ಕೋಟೆ ಎಂದು ಬರೆದು ಹೊಟ್ಟೆ ಹೊರೆಯುವವಳ ಮನೆಯಲ್ಲೂ ನಲ್ಲಿ ಸೋರುತ್ತದೆ ಎಂದು ತಿಳಿದರೆ ಓದುಗರಿಗೆ ಅದೇನೋ ಸಮಾಧಾನ. ಕಾದಂಬರಿಗಿಂತ ನಲ್ಲಿಯ ಬಗ್ಗೆಯೇ ಹೆಚ್ಚು ಜನ ವಿಚಾರಿಸುತ್ತಾರೆ. ಆ ನಲ್ಲಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಆ ದಿನಗಳಲ್ಲಿ ಎರಡನೇ ಭಾಗಕ್ಕೆ ಬರೆಯಲು ಏನೂ ಇರಲಿಲ್ಲ. 'ತವರದ ಕಿರೀಟ'ದ ನಾಲ್ಕನೆಯ ಹಾಗೂ ಕೊನೆಯ ಸಂಪುಟ ಅರ್ಧಕ್ಕೆ ನಿಂತಿತ್ತು. ರಾಜಮಾತೆ ಕಿರಿಯ ರಾಣಿಯನ್ನು ಅರಮನೆಯಿಂದ ಹೊರಗಟ್ಟಿದ್ದಾಳೆ. ರಾಣಿ ಉಪ್ಪಿನ ಬಯಲಿನ ಗುಡಿಸಲಲ್ಲಿ ಕೂತಿದ್ದಾಳೆ. ಅವಳು ಬಾರದೆ ಕಥೆ ಮುಗಿಯುವುದಿಲ್ಲ, ಕರೆಯದೆ ಬರುವ ಹೆಣ್ಣು ಅವಳಲ್ಲ. ಅಷ್ಟು ಸೊಕ್ಕನ್ನು ಅವಳಿಗೆ ತುಂಬಿದವಳು ನಾನೇ. ಈಗ ಅನುಭವಿಸುತ್ತಿದ್ದೆ.

ಅದರ ನಡುವೆ ಅತ್ತೆ ಬಿದ್ದರು. ನಮ್ಮ ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗಕ್ಕೆ ಇಳಿಯಲು ಒಂದೇ ಒಂದು ಮೆಟ್ಟಿಲಿದೆ. ಅಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡರು. ಆಪರೇಷನ್ ಮುಗಿಸಿ ಮನೆಗೆ ಬಂದಾಗ ಅವರಿಗೆ ಬಚ್ಚಲಿನ ಪಕ್ಕದ ಕೋಣೆಯೇ ಬೇಕಾಯಿತು, ಅಂದರೆ ನಾನು ಬರೆಯುವ ಕೋಣೆ. ನಾನು ಮೇಜು ಹೊತ್ತು ಅದೇ ಮೆಟ್ಟಿಲು ಇಳಿದು ವಾಷಿಂಗ್ ಮೆಷಿನ್ನಿನ ಪಕ್ಕ ಬಿಡಾರ ಹೂಡಿದೆ. ಮೆಷಿನ್ ಜೋರಾಗಿ ತಿರುಗುವಾಗ ಮೇಜೂ ನಡುಗುತ್ತಿತ್ತು. ಯುದ್ಧದ ಅಧ್ಯಾಯಗಳಿಗೆ ಅದು ಒಳ್ಳೆಯದೇ, ಆದರೆ ನನ್ನ ಹತ್ತಿರ ಯುದ್ಧವೆಲ್ಲ ಮುಗಿದುಹೋಗಿತ್ತು.

ಅತ್ತೆ ನಿವೃತ್ತಿಯಾಗುವವರೆಗೂ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿದವರು. ಅವರು ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳಿಸುತ್ತದೆ. ಅಂಥವರು ಹಾಸಿಗೆ ಹಿಡಿದು, ವಾಕರ್ ಕಂಡರೆ ಮುಖ ತಿರುಗಿಸತೊಡಗಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ನನ್ನನ್ನು ಹೊರಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು.

"ಮೂಳೆ ಚೆನ್ನಾಗಿ ಕೂಡಿದೆ. ಹೆದರಿಕೆ ಹೋಗಿಲ್ಲ. ಈಗ ನಡೀದಿದ್ರೆ ಆಮೇಲೆ ಹಾಸಿಗೆನೇ ಗತಿ. ಅವರು ಬಿದ್ದ ಆ ಮೆಟ್ಟಿಲನ್ನ ಅವರೇ ಇಳಿದ ದಿನ ನನ್ನ ಕೆಲಸ ಮುಗೀತು ಅಂದ್ಕೊಳ್ಳಿ."

ಒಳಗಿನಿಂದ ಅತ್ತೆಯ ದನಿ ಬಂತು. "ನೆಲ ಸರಿಯಿಲ್ಲ ಈ ಮನೇಲಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಅತ್ತೆಗೆ ಗಾದೆ ಹೇಳುವಷ್ಟು ಧೈರ್ಯ ನನಗಿಲ್ಲ.

ಅವರಿಗೆ ಉಳಿದಿದ್ದ ಒಂದೇ ಸುಖ ಸಂಜೆಯ ಧಾರಾವಾಹಿ. ದೊಡ್ಡ ಮನೆ, ಗಟ್ಟಿಗಿತ್ತಿ ಅತ್ತೆ, ಕಳ್ಳತನದ ಆರೋಪ ಹೊತ್ತು ಹೊರಬಿದ್ದ ಹಿರಿ ಸೊಸೆ. ಅವಳು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಬಾಡಿಗೆ ಕೋಣೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಅತ್ತೆ ಮಲಗಿದಲ್ಲಿಂದಲೇ ಅವಳಿಗೆ ಬುದ್ಧಿ ಹೇಳುತ್ತಿದ್ದರು. ನನಗೆ ಹೇಳುತ್ತಿದ್ದದ್ದೂ ಅದೇ ಬುದ್ಧಿ, ಆದ್ದರಿಂದ ಅದು ಯಾರಿಗೆ ಎಂದು ಕೆಲವೊಮ್ಮೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಆ ಹೊತ್ತಿಗೆ ಟೀವಿಯಲ್ಲಿ ಅಡುಗೆ ಸ್ಪರ್ಧೆ ಶುರುವಾಯಿತು. ಧಾರಾವಾಹಿಯನ್ನು ಹೇಳದೆ ಕೇಳದೆ ನಿಲ್ಲಿಸಿಬಿಟ್ಟಿದ್ದರು. ನೋಡುವವರಿಲ್ಲ ಎಂಬುದು ಕಾರಣವಂತೆ. ನಮ್ಮ ಮನೆಯಲ್ಲಿ ಇದ್ದ ಒಬ್ಬರನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅತ್ತೆ ನೋವಿನ ಮಾತ್ರೆಯ ಮಂಪರಿನಲ್ಲಿದ್ದರು. ನಾನು ಟೀವಿ ಆರಿಸಿದೆ.

ಅವರು ಕಣ್ಣು ಬಿಟ್ಟು, "ಏನಾಯ್ತೇ ಇವತ್ತು?" ಎಂದರು.

ಆ ಮುಖ ನೋಡಿ ನಿಜ ಹೇಳಲು ನಾಲಿಗೆ ಏಳಲಿಲ್ಲ. "ಇನ್ಮೇಲೆ ಅದು ಫೋನಲ್ಲಿ ಮಾತ್ರ ಬರುತ್ತಂತೆ ಅತ್ತೆ. ಅಷ್ಟು ಸಣ್ಣ ಪರದೆ ನಿಮಗೆ ಕಾಣಲ್ಲ. ನಾನು ನೋಡಿ ಹೇಳ್ತೀನಿ."

"ಸರಿ, ಹೇಳು."

ಆಗ ನನಗೆ ಹೊಳೆಯಿತು. "ಇಲ್ಲಿ ಹೇಳಲ್ಲ. ಅಡುಗೆಮನೆ ಬಾಗಿಲ ಹತ್ರ ಹೇಳ್ತೀನಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ವಾಕರಿಗೆ ಕೈ ಚಾಚಿದರು.

ಹೀಗೆ ಶುರುವಾಯಿತು. ಹಾಸಿಗೆಯಿಂದ ಹೊಸ್ತಿಲಿನವರೆಗೆ ಹಿಂದಿನ ಕಂತಿನ ನೆನಪು, ಹೊಸ್ತಿಲು ದಾಟಿದರೆ ಹೊಸ ಸಂಗತಿ, ಊಟದ ಮೇಜಿನ ಹತ್ತಿರ ಒಂದು ಜಗಳ, ಅಡುಗೆಮನೆಯ ಬಾಗಿಲಿಗೆ ಬಂದಾಗ ಯಾರೋ ಕದ ತಟ್ಟುತ್ತಾರೆ. ತಟ್ಟಿದವರು ಯಾರೆಂದು ತಿಳಿಯಲು ನಾಳೆ ಮತ್ತೆ ಅಲ್ಲಿಗೆ ಬರಬೇಕು. ಫಿಸಿಯೋ ಮೇಡಂ ಬೆರಗಾಗಿ ಯಾವ ಟಾನಿಕ್ ಕೊಡುತ್ತಿದ್ದೀರಿ ಎಂದು ಕೇಳಿದರು.

ಆದರೆ ದಿನಕ್ಕೊಂದು ಕಂತು ಹೊಸೆಯುವುದೆಂದರೆ ಹುಡುಗಾಟವೇ? ಎರಡನೇ ವಾರಕ್ಕೆ ನನ್ನ ಸರಕು ಮುಗಿಯಿತು. ಬೇರೆ ದಾರಿ ಕಾಣದೆ 'ತವರದ ಕಿರೀಟ'ಕ್ಕೇ ಕನ್ನ ಹಾಕಿದೆ. ರಾಜಮಾತೆ ಆ ಮನೆಯ ಅತ್ತೆಯಾದಳು, ಗುಡಿಸಲಿನ ರಾಣಿ ಹಿರಿ ಸೊಸೆಯಾದಳು. ಸಿಂಹಾಸನವನ್ನು ಬೀರುವಿನ ಬೀಗದ ಕೈ ಮಾಡಿದೆ. ಮಾಯಾಕನ್ನಡಿ ಸಿಸಿ ಕ್ಯಾಮೆರಾ ಆಯಿತು. ಡ್ರ್ಯಾಗನ್ನನ್ನು ದೊಡ್ಡ ಭಾವ ಎಂದು ಕರೆದು ಕೈಗೆ ಸಿಗರೇಟು ಕೊಟ್ಟೆ. ಕಥೆಯ ಒಂದು ಎಳೆಯೂ ಕದಲಲಿಲ್ಲ. ಮೂರು ಸಂಪುಟ ಬರೆದು, ಬಹುಮಾನ ಹೊಡೆದು, ಕಲ್ಪನಾಲೋಕದ ಒಡತಿ ಎಂದು ಬೀಗುತ್ತಿದ್ದವಳು ಇಷ್ಟು ವರ್ಷ ಬರೆದದ್ದು ಅತ್ತೆ ಸೊಸೆಯ ಧಾರಾವಾಹಿಯನ್ನೇ ಎಂದು ವಾಷಿಂಗ್ ಮೆಷಿನ್ನಿನ ಪಕ್ಕ ಕೂತು ತಿಳಿದುಕೊಂಡೆ.

ಅತ್ತೆ ಸುಮ್ಮನೆ ಕೇಳುವವರಲ್ಲ. ಒಂದು ದಿನ ದೊಡ್ಡ ಭಾವ ಮನೆಯನ್ನೆಲ್ಲ ಹೊಗೆಯಿಂದ ತುಂಬಿಸಿ, ಬಾಡಿಗೆದಾರರು ಗೇಟಿಗೆ ಮುತ್ತಿಗೆ ಹಾಕಿ, ಕಥೆ ಕೊತಕೊತ ಕುದಿಯುತ್ತಿದ್ದಾಗ ಅವರು ನಡುವೆಯೇ ನಿಂತರು.

"ಅಲ್ಲ ಕಣೇ, ಇಷ್ಟೆಲ್ಲ ಆಗ್ತಿರುವಾಗ ಆ ಮನೇಲಿ ಅಡುಗೆ ಮಾಡೋರು ಯಾರು?"

ನನ್ನ ಕೋಟೆಗೆ ಮೂರು ಸಂಪುಟಗಳುದ್ದಕ್ಕೂ ಮುತ್ತಿಗೆ ಬಿದ್ದಿತ್ತು. ಒಳಗಿನವರು ಒಂದು ತುತ್ತು ಉಂಡದ್ದನ್ನು ನಾನು ಬರೆದಿರಲಿಲ್ಲ. ಅಂದೇ ಅರಮನೆಗೆ ಒಬ್ಬ ಮುಂಗೋಪದ ಬಾಣಸಿಗನನ್ನು ನೇಮಿಸಿದೆ. ಬರವಣಿಗೆ ಒಂದಿಷ್ಟು ಮುಂದೆ ಹೋಯಿತು.

ಆ ಮೆಟ್ಟಿಲೊಂದು ಮಾತ್ರ ದಕ್ಕಲಿಲ್ಲ. ಅಡುಗೆಮನೆಯ ಹಿಂಬಾಗಿಲು ಕಂಡರೆ ಅತ್ತೆಯ ಕೈ ವಾಕರಿನ ಮೇಲೆ ಬಿಗಿಯುತ್ತಿತ್ತು. ಅಲ್ಲಿಯವರೆಗೆ ಬಂದರೆ ದೊಡ್ಡ ಭಾವನನ್ನು ಸಾಯಿಸಿಬಿಡುತ್ತೇನೆ ಎಂದು ಆಸೆ ತೋರಿಸಿದೆ.

"ಬದುಕಿರಲಿ ಬಿಡು, ಪಾಪ," ಎಂದು ಹಿಂತಿರುಗಿದರು.

ತಿಂಗಳು ಮುಗಿಯಿತು. ಓಲೆ ಬರೆಯಲು ಕೂತೆ. ಒಳ್ಳೆಯ ಸಂಗತಿಯೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಲೇಖಕಿ ಇನ್ನೂ ಹುಟ್ಟಿಲ್ಲ. ನಿಂತುಹೋದ ಧಾರಾವಾಹಿ, ನನ್ನ ಸುಳ್ಳು, ಊಟದ ಮೇಜಿನ ಹತ್ತಿರದ ಜಗಳ, ಸಿಗರೇಟು ಸೇದುವ ಡ್ರ್ಯಾಗನ್, ಎಲ್ಲವನ್ನೂ ರಂಗುರಂಗಾಗಿ ಬರೆದೆ. ಕೊನೆಗೆ ಒಂದು ಸಾಲು ತಾನಾಗಿಯೇ ಬಂತು: 'ನಮ್ಮತ್ತೆ ಈಗ ಕಥೆ ಹಾಕಿದರೆ ಓಡುವ ಗಾಡಿ. ಕಥೆ ಮುಗಿದರೆ ನಿಂತಲ್ಲೇ ನಿಲ್ಲುತ್ತದೆ.' ಬರೆದು ನಾನೇ ನಕ್ಕೆ. ಗುಂಡಿ ಒತ್ತಿದೆ. ನಗುವ ಉತ್ತರಗಳು ರಾಶಿ ರಾಶಿ ಬಂದವು. ನಲ್ಲಿಯನ್ನು ಯಾರೂ ಕೇಳಲಿಲ್ಲ.

ನಮ್ಮ ಮನೆಯ ಒಂದು ಪದ್ಧತಿಯನ್ನು ಆ ಸಂಭ್ರಮದಲ್ಲಿ ಮರೆತಿದ್ದೆ. ಓಲೆ ಬಂದ ದಿನ ನನ್ನ ಗಂಡ ಅದನ್ನು ತಾಯಿಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಾರೆ. ಅವರು ಲಿಫ್ಟ್ ರಿಪೇರಿಯವರು, ಏನು ಓದಿದರೂ ಮೆಷಿನ್ನಿನ ಕೈಪಿಡಿ ಓದಿದ ಹಾಗೆ, ಒಂದಕ್ಷರ ಬಿಡುವುದಿಲ್ಲ. ನಾನು ಸಂತೆಯ ಚೀಲ ಹಿಡಿದು ಒಳಗೆ ಬಂದಾಗ ಅವರು ಹಜಾರದಲ್ಲಿ ಬೆವರುತ್ತಾ ನಿಂತಿದ್ದರು.

"ಅರ್ಧಕ್ಕೆ ಬಂದ್ಮೇಲೆ ಗೊತ್ತಾಯ್ತು."

"ನಿಲ್ಲಿಸಬಾರದಿತ್ತಾ?"

"ಅಮ್ಮ ನಿಲ್ಲಿಸು ಅನ್ನಲಿಲ್ಲ."

ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಹೋಗಿ ಮಂಚದ ಪಕ್ಕ ನಿಂತೆ. ಮೈಕಿನವರ ದನಿ ಆ ದಿನ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಧಾರಾವಾಹಿ ನಿಂತಿದ್ದಕ್ಕೆ ನನಗೇನೂ ಇಲ್ಲ. ನೀನು ಸುಳ್ಳು ಹೇಳಿದ್ದಕ್ಕೂ ಇಲ್ಲ. ಮಗು ಉಣ್ಲಿ ಅಂತ ಸುಳ್ಳು ಹೇಳಲ್ವಾ, ಹಾಗೆ. ಆದ್ರೆ ನನ್ನ ಕಾಲು ಇಟ್ಕೊಂಡು ಊರನ್ನ ನಗಿಸಿದ್ಯಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ್ದು ಸಾವಿರಾರು ಮನೆಗೆ ಹೋಗಿ ಕೂತಿತ್ತು. ಕ್ಷಮೆ ಕೇಳಿದೆ. ನಾನು ಮಾತಾಡಿದರೆ ತಮಾಷೆ ತಾನಾಗಿಯೇ ನುಸುಳುತ್ತದೆ, ಅದನ್ನು ಹಲ್ಲು ಕಚ್ಚಿ ತಡೆದು ಕೇಳಿದೆ.

ಅಂದಿನಿಂದ ವಾಕರ್ ಮೂಲೆ ಸೇರಿತು. ಫಿಸಿಯೋ ಮೇಡಂ ಬಂದು ಬಂದು ಹಿಂತಿರುಗಿದರು. ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಆ ಕೋಣೆಗೂ ಈ ಕೋಣೆಗೂ ಓಡಾಡಿದರು. ಊಟ ಒಯ್ದರೆ ಅತ್ತೆ ಉಣ್ಣುತ್ತಿದ್ದರು, ತಟ್ಟೆ ಕೊಡುತ್ತಿದ್ದರು, ಮಾತಿಲ್ಲ. ಸಪ್ಪೆ ಸಾರಿಗೂ ಒಂದು ಮಾತಿಲ್ಲ ಎಂದ ಮೇಲೆ ನನಗೆ ನಿಜವಾಗಿ ಭಯವಾಯಿತು. ಒಂದು ಹಾಸ್ಯದ ಸಾಲಿಗಾಗಿ ಆ ಕಾಲುಗಳನ್ನು ನಾನೇ ಹಾಸಿಗೆಗೆ ಕಟ್ಟಿಹಾಕಿದ್ದೆ.

ಒಂದು ಸಂಜೆ ಬಾಗಿಲಲ್ಲಿ ನಿಂತು ಇರುವುದನ್ನು ಇದ್ದ ಹಾಗೆ ಹೇಳಿದೆ. "ಅತ್ತೆ, ಆ ಕಥೆ ನನ್ನದೇ. ಎಲ್ಲೂ ನೋಡಿದ್ದಲ್ಲ. ಹಿರಿ ಸೊಸೆ ಹೇಗೆ ಮನೆಗೆ ಬರ್ತಾಳೆ ಅಂತ ನನಗೂ ಗೊತ್ತಿಲ್ಲ. ನಿಮ್ಮಿಂದ ಮುಚ್ಚಿಟ್ಟಿದ್ದು ಇನ್ನೇನೂ ಇಲ್ಲ."

ಅವರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು.

ಮರುದಿನ ಬೆಳಿಗ್ಗೆ ಓದುಗರಿಗೆ ಇನ್ನೊಂದು ಓಲೆ ಬರೆಯಲು ಕೂತೆ. ಮೊದಲ ಸಾಲಿಗೇ ಬೆರಳು ನಿಂತುಹೋಯಿತು. ಪಕ್ಕದಲ್ಲಿ ಮೆಷಿನ್ ಗಡಗಡ ಸುತ್ತುತ್ತಿತ್ತು. ಅದು ನಿಂತಾಗ ಬೆನ್ನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿದೆ. ಹಿಂಬಾಗಿಲಲ್ಲಿ ಅತ್ತೆ, ಕೈಯಲ್ಲಿ ವಾಕರ್, ಕೂದಲು ಕೆದರಿದೆ, ಹಣೆಯಲ್ಲಿ ಬೆವರು. ಅವರ ಮುಂದೆ ಆ ಮೆಟ್ಟಿಲು. ನಾನು ಧಡಕ್ಕನೆ ಎದ್ದೆ.

"ಕೂತ್ಕೋ. ಹಿಡಿಯೋಕೆ ಬಂದ್ರೆ ನೋಡು."

ಕೂತೆ. ಅವರು ವಾಕರನ್ನು ಕೆಳಗೆ ಇಟ್ಟರು. ಅದು ಅಲುಗುವುದಿಲ್ಲ ಎಂದು ಒತ್ತಿ ನೋಡಿದರು. ಆಪರೇಷನ್ ಆದ ಕಾಲನ್ನು ಇಳಿಸಿದರು. ತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಇನ್ನೊಂದು ಕಾಲೂ ಇಳಿಯಿತು.

"ಬರೆ," ಎಂದರು.

"ಏನು ಬರೀಲಿ?"

"ನಮ್ಮತ್ತೆ ಗಾಡಿಯಲ್ಲ ಅಂತ ಬರೆ. ಕಥೆ ಹಾಕದೇನೂ ನಡೀತಾಳೆ ಅಂತ ಬರೆ."

ದನಿ ಬಸ್ ನಿಲ್ದಾಣದ್ದಾಗಿತ್ತು. ಪಕ್ಕದ ಮನೆಯ ಕಿಟಕಿ ತೆರೆಯಿತು. ನಾನು ಬರೆದೆ. ಅಕ್ಷರಗಳು ಕಣ್ಣಿಗೆ ಮಸುಕಾಗುತ್ತಿದ್ದವು. "ತಪ್ಪಾಯ್ತು ಅತ್ತೆ," ಎಂದೆ.

"ಅದನ್ನೂ ಬರೆ. ನಿನ್ನ ಓದುಗರು ಅದನ್ನೂ ಓದ್ಲಿ. ಆಮೇಲೆ ನನಗೊಂದು ಕುರ್ಚಿ ಕೊಡು, ಜೀವ ಹೋಗ್ತಿದೆ."

ನನ್ನ ಕುರ್ಚಿ ಕೊಟ್ಟು ನಾನು ಬಕೆಟ್ ಮಗುಚಿ ಕೂತೆ. ಅವರು ನೀರು ಕುಡಿದರು, ಮೆಷಿನ್ನಿನ ಬಾಗಿಲು ತೆಗೆದು ಬಟ್ಟೆ ನೋಡಿದರು, ಬಿಳಿಯದರ ಜೊತೆ ಬಣ್ಣದ್ದನ್ನು ಹಾಕಿದ್ದಕ್ಕೆ ಬೈದರು. ಆ ಬೈಗುಳ ಕಿವಿಗೆ ಬಿದ್ದಾಗ ನನಗಾದ ಸಂತೋಷವನ್ನು ಯಾವ ಓಲೆಯಲ್ಲೂ ಬರೆಯಲಾರೆ. ಆಮೇಲೆ ಅವರು ನನ್ನ ಕಂಪ್ಯೂಟರಿನ ಕಡೆ ಗದ್ದದಿಂದ ಸನ್ನೆ ಮಾಡಿದರು.

"ಆ ಹಿರಿ ಸೊಸೆ ಇನ್ನೂ ಪ್ರೆಸ್ಸಿನ ಮೇಲೇ ಕೂತಿದಾಳಾ?"

"ಅಲ್ಲೇ ಇದಾಳೆ. ಎಷ್ಟು ಯೋಚಿಸಿದ್ರೂ ಅವಳು ಮನೆಗೆ ಬರ್ತಿಲ್ಲ."

"ಅವಳು ಬರಲ್ಲ. ಅತ್ತೆನೇ ಹೋಗ್ತಾಳೆ, ಕರ್ಕೊಂಡು ಬರೋಕೆ."

"ಅಷ್ಟು ದೂರ? ಅವಳಿಗೆ ವಯಸ್ಸಾಗಿದೆ ಅತ್ತೆ. ಮೇಲಾಗಿ ಅವಳಿಗೆ ಕೋಪ ಬೇರೆ."

"ಕೋಪ ಇರುತ್ತೆ. ಕಾಲೂ ನೋಯುತ್ತೆ," ಎಂದು ಅವರು ತೊಡೆ ನೀವಿಕೊಂಡರು. "ದಾರಿಯುದ್ದಕ್ಕೂ ಬೈಕೊಂಡೇ ಹೋಗ್ತಾಳೆ. ಆದ್ರೆ ಹೋಗ್ತಾಳೆ, ಬರೆ."