ಚಳಿಗೆ ಏಳದ ಹಾಲಿನ ಗಾಡಿ

ಆ ವರ್ಷ ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಮಹಾಂತೇಶನ ಚಿಕ್ಕ ಡೀಸೆಲ್ ಲಾರಿ ಬೆಳಿಗ್ಗೆ ತಾನಾಗಿ ಶುರುವಾಗುವುದನ್ನೇ ಬಿಟ್ಟಿತು. ಸೆಲ್ಫ್ ಎಳೆಯುವ ಸದ್ದು ಕೇಳಿದರೆ ಸಾಕು, ಓಣಿಯ ಗಂಡಸರು ತಲೆಗೆ ಟವೆಲ್ ಸುತ್ತಿಕೊಂಡು ತಳ್ಳಲು ಬರುತ್ತಿದ್ದರು. ಯಾರನ್ನೂ ಕರೆಯಬೇಕಿರಲಿಲ್ಲ.

ಆದರೂ ಈಸೂರಿನಿಂದ ಹಾಲು ತುಂಬಿಕೊಂಡು ಶಿಕಾರಿಪುರದ ಡೈರಿ ಮುಟ್ಟುವುದು ತಡವಾಗುತ್ತಿತ್ತು. ಹೋದ ವಾರ ಹುಳಿ ಬಂತೆಂದು ಹಾಲು ವಾಪಸಾಗಿತ್ತು. ಇನ್ನೊಮ್ಮೆ ಹಾಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಹಾಲಿನ ಸಂಘದವರು ಹೇಳಿಬಿಟ್ಟಿದ್ದರು. ಮಹಾಂತೇಶನಿಗೆ ಇದ್ದ ಕಾಯಂ ಬಾಡಿಗೆ ಅದೊಂದೇ.

ತಣ್ಣಗಿರುವ ಇಂಜಿನ್ನನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನು ಅವನು ಬದಲಿಸಿದ್ದ. ಅವಕ್ಕೆ ಕರೆಂಟು ಬಿಡುವ ರಿಲೇ ಎಂಬ ಪುಟ್ಟ ಡಬ್ಬಿಯನ್ನೂ ಹೊಸದು ಹಾಕಿದ್ದ. ಗುಣ ಕಾಣಲಿಲ್ಲ.

ಆ ದಿನ ಮೆಕ್ಯಾನಿಕ್ ಸಿಕಂದರ್ ತನ್ನ ಶೆಡ್ ತೆರೆಯುವ ಮುಂಚೆ ನಮ್ಮ ಓಣಿಗೇ ಬಂದ. ಗಾಡಿಯನ್ನು ಶೆಡ್ಡಿಗೆ ಓಡಿಸಿಕೊಂಡು ಹೋದರೆ ಇಂಜಿನ್ ಬಿಸಿಯಾಗಿ ರೋಗ ಕಾಣುವುದಿಲ್ಲವಂತೆ. ಅವನು ಬಾನೆಟ್ ಎತ್ತಿದಾಗ ನಾನು ಕಾಂಪೌಂಡಿನಾಚೆಯಿಂದ ಬಗ್ಗಿ ನೋಡಿದೆ. ಒಳಗೆಲ್ಲ ಬೆಳ್ಳಿ ಬಣ್ಣ ಮಿರುಗುತ್ತಿತ್ತು. ಮಹಾಂತೇಶನ ಹೆಂಡತಿ ಗಂಗಾಶ್ರೀ ಜಡೆ ಎಂಬ ಊರಿನವಳು. ಅವಳ ತವರಿನಲ್ಲಿ ಹಬ್ಬಕ್ಕೆ ನೇಗಿಲು, ನೊಗ ಒಂದನ್ನೂ ಬಿಡದೆ ತೊಳೆದು ಬಣ್ಣ ಹಚ್ಚುತ್ತಾರೆ. ಇಲ್ಲಿ ನೇಗಿಲಿಲ್ಲ, ಲಾರಿ ಇದೆ.

ಆಗಲೇ ಎದುರು ಮನೆಯ ಶಿವಮೂರ್ತಪ್ಪನವರು ತೋಳು ಮಡಚಿಕೊಂಡು ಬಂದರು. "ಹೂಂ, ತಳ್ಳಾಣೇನು?"

"ಬ್ಯಾಡ್ರೀ. ತಳ್ಳಿದ್ರೆ ರೋಗ ಮುಚ್ಚಿ ಹೋಗ್ತೈತೆ," ಎಂದ ಸಿಕಂದರ್.

"ಅಲ್ಲೋ ಮಾರಾಯ, ಅಲ್ಲಿ ಹಾಲು ಕರೆದು ಇಟ್ಕೊಂಡು ಕೂತಿರ್ತಾರೆ!" ಮಹಾಂತೇಶನ ದನಿ ಏರಿತು.

"ಒಂದು ಚೂರು ತಡಿ. ಇವತ್ತು ತಳ್ಳಿದ್ರೆ ನಾಳೇನೂ ತಳ್ಳಬೇಕು."

ಸಿಕಂದರನ ಕೈಯಲ್ಲಿ ಎರಡು ವೈರು ಕಟ್ಟಿದ ಬಲ್ಬಿತ್ತು. ರಿಲೇಗೆ ಬ್ಯಾಟರಿಯಿಂದ ಬರುವ ವೈರಿಗೆ ಮುಟ್ಟಿಸಿದ. ಹತ್ತಿತು. ಮಹಾಂತೇಶ ಕೀ ತಿರುಗಿಸಿದಾಗ ಕೀಯಿಂದ ಬರುವ ವೈರಿಗೂ ಹತ್ತಿತು. ಪ್ಲಗ್‌ಗಳಿಗೆ ಹೋಗುವ ವೈರಿಗೆ ಮಾತ್ರ ಹತ್ತಲಿಲ್ಲ.

"ಡಬ್ಬಿಗೆ ಅಪ್ಪಣೆ ಬಂದೈತ್ರೀ ಅಮ್ಮಾ, ಕೆಲಸ ಮಾಡ್ತಿಲ್ಲ," ಎಂದು ನನ್ನತ್ತ ನೋಡಿ ನಕ್ಕ. "ಟಕ್ ಅನ್ನಬೇಕಿತ್ತು. ಹೊಸಾದು ಬೇರೆ."

ನನಗೆ ಕುತೂಹಲ ತಡೆಯಲಿಲ್ಲ. "ಬಂದ ಕರೆಂಟು ವಾಪಸ್ ಹೋಗೋದು ಎಲ್ಲಿಂದಪ್ಪ? ನಾಲ್ಕನೇ ವೈರೇ ಕಾಣ್ತಿಲ್ಲ."

"ಅದಕ್ಕೆ ವೈರಿಲ್ರೀ. ಡಬ್ಬಿ ಕೂತಿರೋ ತಗಡಿಂದ ಹಂಗೇ ಗಾಡಿ ಮೈಗೆ..." ಅವನು ಬೆರಳಿನಿಂದ ಆ ತಗಡನ್ನು ಸವರಿದ. "ಹಬ್ಬದಲ್ಲಿ ಇಲ್ಲಿದ್ದ ಹಳೇ ಡಬ್ಬಿ ಬಿಚ್ಚಿದ್ರೇನು?"

"ಹೂಂ, ಅದರ ಹಿಂದ್ಗಡೆ ನಮ್ಮನೆಯವಳು ಬಣ್ಣ ಹಚ್ಚೋಕೆ," ಎಂದ ಮಹಾಂತೇಶ. "ಯಾಕೆ?"

ಡಬ್ಬಿಗೂ ತಗಡಿಗೂ ನಡುವೆ ಬಣ್ಣ ಕೂತು ಕರೆಂಟಿನ ದಾರಿ ಮುಚ್ಚಿತ್ತು. ಚಳಿಯೂ ಬಣ್ಣವೂ ಒಂದೇ ವಾರದಲ್ಲಿ ಬಂದಿದ್ದವು. ನಾವೆಲ್ಲ ಚಳಿಯನ್ನೇ ಬೈಯುತ್ತಿದ್ದೆವು.

ಆ ಹೊತ್ತಿಗೆ ಗಂಗಾಶ್ರೀ ಚಹಾ ಹಿಡಿದು ಹೊರಗೆ ಬಂದಳು. ಸಿಕಂದರ್ ಅವಳನ್ನು ಕಂಡವನೇ ಗಾಡಿಯ ಕಡೆ ತಿರುಗಿ, "ಏನಿಲ್ಲ ತಂಗಿ, ಒಂದಿಷ್ಟು ತುಕ್ಕು," ಎಂದು ಡಬ್ಬಿ ಬಿಚ್ಚಿ ತಗಡನ್ನು ಮರಳು ಕಾಗದದಿಂದ ಉಜ್ಜತೊಡಗಿದ. ಅವನ ಬೆರಳೆಲ್ಲ ಮಿರುಗುತ್ತಿತ್ತು.

ಗಂಗಾಶ್ರೀ ಲೋಟ ಕೊಡುತ್ತಾ ಅವನ ಕೈ ನೋಡಿದಳು. "ಯಾವಾಗಿಂದ ಅಣ್ಣಾ, ತುಕ್ಕು ಬೆಳ್ಳಗಾಗಿದ್ದು?"

ಶಿವಮೂರ್ತಪ್ಪನವರು ನಕ್ಕುಬಿಟ್ಟರು. ಸಿಕಂದರನಿಗೂ ನಗು ಬಂತು. ಅವಳು ಮಾತ್ರ ನಗಲಿಲ್ಲ. "ಕೊಡಿ ಇಲ್ಲಿ, ಹಚ್ಚಿದ ಕೈಯೇ ತೆಗೀಲಿ," ಎಂದು ಕಾಗದ ಕಿತ್ತುಕೊಂಡು, ಸೆರಗು ಸಿಕ್ಕಿಸಿ, ಕಬ್ಬಿಣ ಕಾಣುವವರೆಗೂ ಉಜ್ಜಿದಳು. ಬೋಲ್ಟನ್ನೂ ಬಿಡಲಿಲ್ಲ.

ಡಬ್ಬಿ ಕೂರಿಸಿ ಬಿಗಿ ಮಾಡಿದರು. ಮಹಾಂತೇಶ ಕೀ ತಿರುಗಿಸಿದ.

ಟಕ್.

"ಈಗಲೇ ಸೆಲ್ಫ್ ಹೊಡೀಬ್ಯಾಡ. ಪ್ಲಗ್ ಕಾಯಲಿ," ಎಂದ ಸಿಕಂದರ್. ಆಮೇಲೆ ಅವನು ತಲೆಯಾಡಿಸಿದ. ಇಂಜಿನ್ ಒಂದು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಒಂದೇ ಸಮನೆ ಓಡತೊಡಗಿತು. ಮಹಾಂತೇಶ ಚಹಾ ಕೂಡ ಕುಡಿಯದೆ ಈಸೂರಿನ ದಾರಿ ಹಿಡಿದ.

ಬಿಸಿಲೇರುವ ಮುಂಚೆಯೇ ಗಾಡಿ ಖಾಲಿ ಕ್ಯಾನುಗಳ ಸದ್ದು ಮಾಡುತ್ತಾ ಓಣಿಗೆ ವಾಪಸಾಯಿತು.

"ಹಾಲು ತಗೊಂಡ್ರಾ?" ಗಂಗಾಶ್ರೀ ಬಾಗಿಲಿಂದಲೇ ಕೂಗಿದಳು.

"ತಗೊಂಡ್ರು. ನಾಳೆಯಿಂದ ಇನ್ನೆರಡು ಕ್ಯಾನು ಜಾಸ್ತಿ ಅಂತೆ."