ಹಿಡಿ ಅಕ್ಕಿಯ ಡಬ್ಬಿ

ನಾನು ತಗಡಿನ ಡಬ್ಬಿ. 1949ರಲ್ಲಿ ತುಮಕೂರಿನ ತಗಡು ಕೆಲಸದವರೊಬ್ಬರು ಹಳೆಯ ಎಣ್ಣೆ ಡಬ್ಬವನ್ನು ಕತ್ತರಿಸಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಎರಡು ಸೇರು ಅಕ್ಕಿ ಹಿಡಿಯುತ್ತೇನೆ. ಹತ್ತೊಂಬತ್ತು ವರ್ಷದ ಮದುಮಗಳು ತಬಿಥಮ್ಮ ನನ್ನನ್ನು ಕೊಂಡರು.

ಅವರ ಚರ್ಚಿನ ಸಭೆಯ ಹೆಂಗಸರಲ್ಲಿ ಒಂದು ರೂಢಿಯಿತ್ತು. ಅಡುಗೆಗೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ದೇವರಿಗೆಂದು ತೆಗೆದಿಡಬೇಕು. ಭಾನುವಾರ ಅದನ್ನು ಚರ್ಚಿಗೆ ಒಯ್ದು ಆರಾಧನೆಯ ಮೇಜಿನ ಮುಂದಿನ ಬುಟ್ಟಿಗೆ ಸುರಿಯಬೇಕು. ಅದು ಚರ್ಚಿನ ಬೋರ್ಡಿಂಗ್ ಶಾಲೆಯ ಮಕ್ಕಳ ಊಟಕ್ಕೆ ಹೋಗುತ್ತಿತ್ತು.

ಒಂದು ವರ್ಷ ಅಕ್ಕಿ ಸಿಗುವುದೇ ಕಷ್ಟವಾಯಿತು. ಗಂಡ ಕೇಳಿದರು: "ನಾವೇ ಗಂಜಿ ಕುಡೀತಿದ್ದೀವಿ. ಇದರಲ್ಲೂ ಪಾಲಾ?"

"ಹಿಡಿ ಚಿಕ್ಕದು ಮಾಡ್ತೀನಿ. ಬಿಡೋಕಾಗಲ್ಲ ಕಣ್ರೀ."

ಗಂಡ ತೀರಿಕೊಂಡ ವಾರವೂ ಹಿಡಿ ತಪ್ಪಲಿಲ್ಲ.

2014ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅಜ್ಜಿಯಾಗಿದ್ದ ತಬಿಥಮ್ಮ ಬಿದ್ದು ಸೊಂಟ ಮುರಿದುಕೊಂಡರು. ಕುರ್ಚಿಯಲ್ಲಿ ಕೂತೇ ಹಿಡಿ ಹಾಕುತ್ತಿದ್ದರು. ಚರ್ಚಿಗೆ ಒಯ್ಯುವ ಕೆಲಸ ಮೊಮ್ಮಗಳು ಪ್ರಫುಲ್ಲಳ ಪಾಲಿಗೆ ಬಂತು. ಅವಳು ಶಾಲೆಯಲ್ಲಿ ಟೀಚರ್. ಅಷ್ಟು ಹೊತ್ತಿಗೆ ಉಳಿದವರೆಲ್ಲ ಕಾಣಿಕೆಯ ಹಣವನ್ನು ಕವರಿನಲ್ಲಿ ಕೊಡುತ್ತಿದ್ದರು. ಮೊದಲ ಭಾನುವಾರವೇ ಗೆಳತಿಯೊಬ್ಬಳು ನಕ್ಕಳು: "ಏನೇ, ರೇಷನ್ ಅಂಗಡಿಯಿಂದ ನೇರ ಬಂದ್ಯಾ?"

ಮುಂದಿನ ವಾರದಿಂದ ಪ್ರಫುಲ್ಲ ನನ್ನೊಳಗಿನ ಅಕ್ಕಿಯನ್ನು ಮನೆಯ ಚೀಲಕ್ಕೇ ಸುರಿದು, ನನ್ನನ್ನು ನೀರಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟು ಹೋಗತೊಡಗಿದಳು. ಆರಾಧನೆ ಮುಗಿಸಿ ಬಂದು ನನ್ನನ್ನು ಅಜ್ಜಿಯ ಕೈಗೆ ಕೊಡುತ್ತಿದ್ದಳು. ಅಜ್ಜಿ ಒಳಗೆ ಕೈಯಾಡಿಸಿ, "ಖಾಲಿ ಐತೆ, ದೇವ್ರಿಗೆ ಸ್ತೋತ್ರ" ಎನ್ನುತ್ತಿದ್ದರು. ಆ ಸುಳ್ಳನ್ನು ಪ್ರತಿ ವಾರ ನಂಬಿಸಿದ್ದು ನಾನು.

ಮೂರು ವರ್ಷ ಹೀಗೇ ನಡೆಯಿತು. 2017ರಲ್ಲಿ, ಸಭೆಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು ಅಜ್ಜಿಗೆ ಮನೆಯಲ್ಲೇ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ಕೊಡಲು ಬಂದರು. ರೊಟ್ಟಿ ಮುರಿಯುವ ಮುಂಚೆ ಅಜ್ಜಿ ಕೇಳಿದರು: "ನನ್ನ ಅಕ್ಕಿ ಮಕ್ಕಳಿಗೆ ಮುಟ್ತಾ ಐತಾ ಅಯ್ಯನೋರೇ?"

"ಯಾವ ಅಕ್ಕಿ ಅಜ್ಜೀ?"

ಪ್ರಫುಲ್ಲ ಗೋಡೆಗೆ ಒರಗಿದಳು. "ನಾನು ಕೊಡಲಿಲ್ಲಜ್ಜಿ. ಹಿಡ್ಕೊಂಡು ಹೋಗೋಕೆ ನಾಚಿಕೆ ಆಗ್ತಿತ್ತು. ಚೀಲಕ್ಕೇ ಸುರೀತಿದ್ದೆ."

ಅಜ್ಜಿ ಬೈಯಲಿಲ್ಲ. ಇಷ್ಟೇ ಹೇಳಿದರು: "ಹಂಗಾದ್ರೆ ಮಕ್ಕಳ ಅಕ್ಕೀನ ನಾವೇ ಉಂಡಿದ್ದೀವಿ. ಪಾಪದ ಅರಿಕೆ ಪ್ರಾರ್ಥನೆ ಇನ್ನೊಂದ್ಸಲ ಓದಿ ಅಯ್ಯನೋರೇ. ಉಂಡೋಳು ನಾನೂ."

"ನಿಂದೇನಜ್ಜಿ ತಪ್ಪು?"

"ಸುಮ್ನೆ ಬಾ. ನಂಗೆ ಬಗ್ಗೋಕಾಗಲ್ಲ. ನೀನು ಮಂಡಿಯೂರು."

ಆ ಭಾನುವಾರ ಪ್ರಫುಲ್ಲ ನನ್ನನ್ನು ಎಲ್ಲರಿಗೂ ಕಾಣುವಂತೆ ಎದೆಗೊತ್ತಿಕೊಂಡು ನಡೆದಳು. ಮೇಜಿನ ಮುಂದೆ ಬುಟ್ಟಿ ಇರಲಿಲ್ಲ. ಅಕ್ಕಿ ತರುವವರೇ ಇಲ್ಲವೆಂದು ತೆಗೆದುಬಿಟ್ಟಿದ್ದರು. ನನ್ನನ್ನೇ ಅಲ್ಲಿ ಇಟ್ಟು ಹಿಂತಿರುಗಿದಳು. ಎರಡು ತಿಂಗಳ ನಂತರ ಅಜ್ಜಿ ತೀರಿಕೊಂಡರು.

ಈಗ ನಾನು ಚರ್ಚಿನ ಕೋಣೆಯೊಂದರ ಕಪಾಟಿನಲ್ಲಿದ್ದೇನೆ. ತಳ ತುಕ್ಕು ಹಿಡಿದಿದೆ. ಸಭೆಯ ಹಿರಿಯರು ಬಂದವರಿಗೆ ನನ್ನನ್ನು ತೋರಿಸುತ್ತಾರೆ: "ತಬಿಥಮ್ಮನವರ ಡಬ್ಬಿ. ಅರವತ್ತೆಂಟು ವರ್ಷ ಒಂದು ವಾರವೂ ತಪ್ಪದೆ ಇಲ್ಲಿಗೆ ಅಕ್ಕಿ ಬಂತು."

ನನಗೆ ಮುಚ್ಚಳದೊಳಗೆ ಮುಖ ಮರೆಸಿಕೊಳ್ಳಬೇಕು ಎನಿಸುತ್ತದೆ. ಪ್ರಫುಲ್ಲ ಹತ್ತಿರದಲ್ಲಿದ್ದರೆ ಕೈಲಿದ್ದ ಕೆಲಸ ನಿಲ್ಲಿಸಿ, ತಲೆಯೆತ್ತದೆ ತಿದ್ದುತ್ತಾಳೆ:

"ಅರವತ್ತೈದು."