ಚಾಕ್‌ಪೀಸಿನ ಕ್ಯಾಬಿನ್ನು

ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅವನು ಅಮ್ಮನ ಪೆಟ್ಟಿಗೆಯನ್ನು ಅಳೆಯುತ್ತಿದ್ದ. ಆರು ಅಡಿ ಒಂದು ಇಂಚು ಉದ್ದ, ಎರಡು ಅಡಿ ಅಗಲ. ಅಳೆದು ಆಗಬೇಕಾದ್ದೇನೂ ಇರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಟೈಲ್ಸ್ ಕೂರಿಸುವ ಕೆಲಸಕ್ಕೆ ಸೇರಿದವನು. ಸಿಟ್ಟು ಬಂದಾಗಲೆಲ್ಲ ಟೇಪು ತಾನಾಗಿ ಜೇಬಿನಿಂದ ಹೊರಗೆ ಬರುತ್ತಿತ್ತು.

"ಒಳಗಿಡೋ ಅದನ್ನ," ಎಂದ ಮಾವ, ಅಮ್ಮನ ತಮ್ಮ. "ಜನ ನೋಡ್ತಿದ್ದಾರೆ. ಹೆತ್ತವಳನ್ನ ಯಾರಾದ್ರೂ ಅಳೀತಾರೇನೋ?"

"ಅಳೆಯೋದು ಕಲಿಸಿದ್ದೇ ಅವಳು."

"ಆ ಅಳತೆಯಿಂದಾನೇ ಕೆಲಸ ಕಳ್ಕೊಂಡ್ಲು. ಕೇಳಿಲ್ಲಿ. ಆಫೀಸಿನ ಮಾಲೀಕರು ಬರ್ತಾರೆ, ಎರಡು ಮಾತಾಡ್ತಾರೆ, ಹೋಗ್ತಾರೆ. ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು. ನಾಳೆ ಬೆಳಗಾದ್ರೆ ನಿಮ್ಮಕ್ಕ ಅದೇ ಆಫೀಸಿಗೆ ಹೋಗ್ಬೇಕು."

ಅಕ್ಕ ಪೆಟ್ಟಿಗೆಯ ಪಕ್ಕದಲ್ಲೇ, ಅಮ್ಮನ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆ ಎತ್ತಲಿಲ್ಲ. ಮೂರು ತಿಂಗಳ ಹಿಂದೆ ಅಮ್ಮನನ್ನು ಆಫೀಸಿನಿಂದ ಕಳಿಸಿದ ದಿನವೂ ಅವಳು ಟಿಕೆಟ್ ಕೌಂಟರಿನಲ್ಲಿ ಹೀಗೇ ತಲೆ ಬಗ್ಗಿಸಿ ಕೂತಿದ್ದಳು. ಅದನ್ನು ಅವನು ಮರೆತಿರಲಿಲ್ಲ.

ಅಂತಿಮ ದರ್ಶನದ ಹಾಲ್ ಚಿಕ್ಕದು. ಕರಿಕಲ್ಲಿನ ನೆಲ, ಮಡಚುವ ಕುರ್ಚಿಗಳು, ಬೀದಿಗೆ ತೆರೆದ ಅಗಲವಾದ ಬಾಗಿಲು. ಹನ್ನೊಂದಕ್ಕೆ ಪೆಟ್ಟಿಗೆ ಒಯ್ಯುವ ವ್ಯಾನು ಬರುವುದಿತ್ತು.

*

ಅಮ್ಮ ಒಂದು ದಿನವೂ ಹಡಗು ಹತ್ತಿದವಳಲ್ಲ. ಪ್ರವಾಸದ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತು ಊರವರನ್ನೆಲ್ಲ ಹತ್ತಿಸಿದವಳು. ಹೋಗಿ ಬಂದವರನ್ನು ಕೂರಿಸಿ, ಟೀ ಕೊಟ್ಟು, ಒಳಗಿದ್ದದ್ದನ್ನೆಲ್ಲ ಹೊರಗೆ ಎಳೆಯುತ್ತಿದ್ದಳು. ಯಾವ ಕ್ಯಾಬಿನ್ನಿನ ನೆತ್ತಿಯ ಮೇಲೆ ಡಾನ್ಸ್ ಹಾಲಿದೆ, ಎಲ್ಲಿ ಮಲಗಿದರೆ ಎಂಜಿನ್ನು ರಾತ್ರಿಯಿಡೀ ಹಲ್ಲು ಕಡಿಯುತ್ತದೆ, ಯಾವ ಈಜುಕೊಳದ ಬದಿಯಲ್ಲಿ ಕುರ್ಚಿ ಸಿಗಬೇಕಾದರೆ ಆರಕ್ಕೇ ಎದ್ದು ಟವೆಲ್ ಹಾಸಿ ಬರಬೇಕು, ಎಲ್ಲ ಅವಳಿಗೆ ಬಾಯಿಪಾಠ.

ಗಿರಾಕಿ ಬಂದರೆ ಬಣ್ಣಬಣ್ಣದ ಪುಸ್ತಕ ಪಕ್ಕಕ್ಕೆ ಸರಿಸಿ, ಚಾಕ್‌ಪೀಸ್ ಹಿಡಿದು ಆಫೀಸಿನ ನೆಲಕ್ಕೆ ಮಂಡಿ ಊರುವಳು. ಕ್ಯಾಬಿನ್ನನ್ನು ಇಂಚು ತಪ್ಪದೆ ಬರೆಯುವಳು: ಮಂಚ, ಬೀರು, ಬಚ್ಚಲು, ಬಾಗಿಲು.

ಹೋದ ವರ್ಷ ಹೊಸ ಹಡಗು ಬಂತು. ಹದಿನೆಂಟು ಮಹಡಿ, ಹದಿಮೂರು ಊಟದ ಹಾಲ್, ನೆತ್ತಿಯ ಮೇಲೊಂದು ಜಾರುಬಂಡೆ. ಅದನ್ನೇ ಮಾರಬೇಕೆಂದು ಮಾಲೀಕನ ಅಪ್ಪಣೆ. ನಿವೃತ್ತ ಮೇಷ್ಟರು ಹೆಂಡತಿಯನ್ನು ಕರೆದುಕೊಂಡು ಅದಕ್ಕೇ ಬಂದಿದ್ದರು.

"ಬನ್ನಿ ಮೇಷ್ಟ್ರೇ, ಬಾಗಿಲಿಂದ ಬನ್ನಿ. ಗೋಡೆ ತೂರ್ಕೊಂಡು ಬರ್ಬೇಡಿ. ಹಾಂ, ಮಲಕ್ಕೊಳ್ಳಿ."

ಮೇಷ್ಟರು ಕೋಟು ಹಾಕಿಕೊಂಡೇ ಗೆರೆಯ ಮಂಚದಲ್ಲಿ ಮಲಗಿದರು. ಹೆಂಡತಿ ಪಕ್ಕದಲ್ಲಿ ನಿಂತಳು.

"ಈಗ ಬಚ್ಚಲಿಗೆ ಹೋಗಿ ನೋಡೋಣ."

"ಇವರು ಕಾಲು ಮಡಚದ ಹೊರತು ನಾನು ಹೋಗೋದು ಹೇಗೆ?"

"ಏಳು ದಿನ ಮಡಚ್ತಾರಾ ಕೇಳಿ."

"ಮೂವತ್ತು ವರ್ಷದಿಂದ ಮಡಚಿಲ್ಲ," ಎಂದಳು ಹೆಂಡತಿ.

ಅಮ್ಮ ಗಟ್ಟಿಯಾಗಿ ನಕ್ಕಳು. "ಇನ್ನೊಂದು ಹಡಗಿದೆ. ಹಳೇದು, ಚಿಕ್ಕದು. ಜಾರುಬಂಡೆ ಇಲ್ಲ, ಊಟಕ್ಕೆ ಒಂದೇ ಹಾಲ್. ಆದ್ರೆ ಕಿಟಕಿ ತೆಗಿಯಕ್ಕೆ ಬರುತ್ತೆ. ಮೂರನೇ ದಿನಕ್ಕೆ ಬಡಿಸೋ ಹುಡುಗಂಗೆ ನಿಮಗೆ ಟೀ ಹೇಗಿರ್ಬೇಕು ಅಂತ ಗೊತ್ತಿರುತ್ತೆ. ದೊಡ್ಡದ್ರಲ್ಲಿ ಏಳನೇ ದಿನಾನೂ ನೀವು ಒಂದು ನಂಬರು."

ಅವರು ಚಿಕ್ಕದರಲ್ಲಿ ಹೋದರು. ಆಮೇಲೆ ಇನ್ನೂ ಒಂಬತ್ತು ಜನ ಹಾಗೇ ಮಾಡಿದರು. ಮಾಲೀಕ ಬೈಯಲಿಲ್ಲ. ಆಫೀಸಿನ ನೆಲದ ತುಂಬ, ಗೋಡೆಯಿಂದ ಗೋಡೆಗೆ, ನೀಲಿ ಕಾರ್ಪೆಟ್ ಹಾಸಿಸಿದ. ಕಾರ್ಪೆಟ್ ಮೇಲೆ ಚಾಕ್‌ಪೀಸ್ ಹಿಡಿಯುವುದಿಲ್ಲ.

ಮಾರನೇ ದಿನ ಅಮ್ಮ ಗಿರಾಕಿಗಳನ್ನು ಕರೆದುಕೊಂಡು ಬೀದಿಗಿಳಿದು ಫುಟ್‌ಪಾತಿನ ಮೇಲೆ ಬರೆದಳು. ಹೋಗಿಬರುವವರೆಲ್ಲ ನಿಂತು ನೋಡಿದರು. ಸಂಜೆ ಮಾಲೀಕ ಅವಳ ಕೈಗೊಂದು ಲಕೋಟೆ ಕೊಟ್ಟು, "ಸಾಕಮ್ಮ, ವಿಶ್ರಾಂತಿ ತಗೊಳ್ಳಿ," ಎಂದ.

*

ಮಾಲೀಕ ಹತ್ತೂವರೆಗೆ ಬಂದ. ಹಿಂದೆ ಡ್ರೈವರು ಆಳೆತ್ತರದ ಹೂಚಕ್ರ ಹೊತ್ತು ತಂದ. ಅದರ ರಿಬ್ಬನ್ನಿನ ಮೇಲೆ ಅಚ್ಚಾಗಿದ್ದದ್ದು ಅದೇ ಹೊಸ ಹಡಗು.

ಮಾಲೀಕ ಪೆಟ್ಟಿಗೆಯ ಎಡಕ್ಕೆ ನಿಂತು ಗಂಟಲು ಸರಿಮಾಡಿಕೊಂಡ. "ನಮ್ಮ ಆಫೀಸಿಗೆ ಅವರು ತಾಯಿ ಇದ್ದ ಹಾಗೆ. ಈ ಹಡಗು ಅಂದ್ರೆ ಅವರಿಗೆ ಪ್ರಾಣ. ಅವರ ನೆನಪಿಗೆ ಈ ತಿಂಗಳು ಇದರ ಒಳಗಡೆ ಕ್ಯಾಬಿನ್ನುಗಳಿಗೆ ಹತ್ತು ಪರ್ಸೆಂಟ್ ರಿಯಾಯಿತಿ..."

ಮಗನ ಕಿವಿಗೆ ಮುಂದಿನ ಮಾತು ಇಳಿಯಲಿಲ್ಲ. ಸತ್ತವಳ ತಲೆಯ ಮೇಲೆ ಕೂತು ಅಂಗಡಿ ತೆರೆದಿದ್ದಾನೆ ಈ ಮನುಷ್ಯ. ಮುಷ್ಟಿ ಬಿಗಿಯಿತು. ಮಾವ ರಟ್ಟೆ ಹಿಡಿದ. "ಬೇಡ ಕಣೋ. ನಿಮ್ಮಕ್ಕನ ಮುಖ ನೋಡು."

ನೋಡಿದ. ಅಕ್ಕ ಎದ್ದು ನಿಂತಿದ್ದಳು. ಅಮ್ಮನ ಕೈಚೀಲ ತೆರೆದು, ತಳದಿಂದ ಒಂದು ಬಿಳಿ ತುಂಡು ಹುಡುಕಿ ತೆಗೆದು ಅವನ ಮುಷ್ಟಿ ಬಿಡಿಸಿ ಅಂಗೈಯಲ್ಲಿಟ್ಟಳು.

"ಒಂಬತ್ತಡಿಗೆ ಹದಿನಾಲ್ಕಡಿ, ಕಿಟಕಿ ಇಲ್ಲದ ಆ ಕ್ಯಾಬಿನ್ನು," ಎಂದಳು. "ಟೇಪು ಕೊಡು. ಈ ತುದಿ ನಾನು ಹಿಡೀತೀನಿ."

ಅವನು ಮಂಡಿ ಊರಿದ. ಕರಿಕಲ್ಲಿನ ಮೇಲೆ ಗೆರೆ ಹಾಲಿನ ಹಾಗೆ ಮೂಡಿತು. ಪೆಟ್ಟಿಗೆ ಇದ್ದಲ್ಲೇ ಮಂಚ. ಕಾಲ ಕಡೆ ಬೀರು. ಮಾಲೀಕ ಸ್ವಲ್ಪ ಹೊತ್ತು ಮಾತು ಮುಂದುವರಿಸಿದ. ಗೆರೆ ಅವನ ಬೂಟಿನ ಸುತ್ತ ಬಳಸಿ ಬಂದಾಗ ನಿಲ್ಲಿಸಿದ.

"ಸಾರ್, ನೀವು ಬಚ್ಚಲಲ್ಲಿ ನಿಂತಿದೀರ," ಎಂದಳು ಅಕ್ಕ.

ಹಿಂದಿನ ಸಾಲಿನಲ್ಲಿ ಮೇಷ್ಟರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಗೆ ಬಂತು.

"ಏನಮ್ಮ ಇದು, ಸಾವಿನ ಜಾಗದಲ್ಲಿ?"

"ಅಮ್ಮ ಮಾಡ್ತಿದ್ದ ಕೆಲಸ ಸಾರ್."

"ನಾಳೆ ಆಫೀಸಿಗೆ ಬಾ. ಮಾತಾಡೋಣ."

"ಬರ್ತೀನಿ. ಚಾಕ್‌ಪೀಸ್ ತರ್ತೀನಿ."

ಮಾಲೀಕ ಒಂದು ಹೆಜ್ಜೆ ಹಿಂದೆ ಸರಿದ, ಗೋಡೆ ತೂರಿಕೊಂಡೇ. ಹೂಚಕ್ರ ಬಚ್ಚಲಲ್ಲೇ ಉಳಿಯಿತು. ಮೇಷ್ಟರು ಎದ್ದರು. ಗೆರೆ ತುಳಿಯದೆ ಸುತ್ತಿ ಬಂದು, ಬಾಗಿಲೆಂದು ಬಿಟ್ಟಿದ್ದ ಜಾಗದಿಂದ ಅಡ್ಡವಾಗಿ ಒಳಗೆ ತೂರಿ, ಪೆಟ್ಟಿಗೆಯ ಪಕ್ಕ ನಿಂತು ತಲೆ ಬಾಗಿಸಿದರು. ಅವರ ಹಿಂದೆ ಹೆಂಡತಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬೇರೆ ಕಡೆಯಿಂದ ಒಬ್ಬರೂ ಬರಲಿಲ್ಲ.

ಹನ್ನೊಂದಕ್ಕೆ ಹೊರುವ ನಾಲ್ವರು ಬಂದರು. ಗೆರೆ ನೋಡಿ ನಿಂತರು. "ಈ ಬಾಗಿಲಲ್ಲಿ ಪೆಟ್ಟಿಗೆ ಹಿಡಿಯಲ್ಲ," ಎಂದ ಒಬ್ಬ, ತಮಾಷೆಗಲ್ಲ.

ಆಗ ಮಾವ ಜೇಬಿನಿಂದ ಕರವಸ್ತ್ರ ತೆಗೆದ. ಸೊಂಟ ಹಿಡಿದುಕೊಂಡು ಬಗ್ಗಿ, ಬೀದಿಯ ಕಡೆಯ ಗೆರೆಯ ಗೋಡೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ತಿಕ್ಕಿ ಅಳಿಸಿದ.

"ಇಲ್ಲೊಂದು ಬಾಲ್ಕನಿ ಬರಿಯೋ," ಎಂದ, ಬಗ್ಗಿಕೊಂಡೇ. "ದೊಡ್ಡದಾಗಿ ಬರಿ. ಅಳೀಬೇಡ."

ಅವನು ಟೇಪು ಜೇಬಿಗೆ ಹಾಕಿಕೊಂಡು, ಎರಡು ಗೆರೆಗಳನ್ನು ಹೊಸ್ತಿಲಿನವರೆಗೆ, ಹೊಸ್ತಿಲು ದಾಟಿ ಬಿಸಿಲಿನವರೆಗೆ ಎಳೆದ. ಅಲ್ಲಿಗೆ ಚಾಕ್‌ಪೀಸು ಮುಗಿಯಿತು. ನಾಲ್ವರು ಪೆಟ್ಟಿಗೆ ಎತ್ತಿ ಆ ಎರಡು ಗೆರೆಗಳ ನಡುವೆ ಹೊರಟರು. ಅವರ ಕಾಲಿಗೆ ಹತ್ತಿದ ಬಿಳಿ ಪುಡಿ ಬೀದಿಯ ಮೇಲೂ ಏಳೆಂಟು ಹೆಜ್ಜೆ ಕಾಣುತ್ತಿತ್ತು.